ಯಾನಪ್ಪನವರ ಸಾವಿಗೆ ಒಂದು ರುಮಾಲು

ನಾಟಕ ನೋಡುವುದು ಹೇಗೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ವಿಶ್ವಾಸ ನನಗಿತ್ತು. ಸುರಪುರದ ಹತ್ತಿರದ ಬೋನಾಳದವನು ನಾನು. ಮೂರನೆಯ ವಯಸ್ಸಿಗೇ ಅಜ್ಜನ ಹೆಗಲ ಮೇಲೆ ಕೂತು ದೊಡ್ಡಾಟ ನೋಡಿದವನು. ಎಲ್ಲಿ ಅಳಬೇಕು, ಎಲ್ಲಿ ಶಿಳ್ಳೆ ಹಾಕಬೇಕು, ಯಾರ ಮಾತು ನಡೆದಾಗ ಎದ್ದು ಹೋಗಿ ಶೇಂಗಾ ಕೊಂಡು ಬರಬಹುದು, ಎಲ್ಲವೂ ನನಗೆ ಬಾಯಿಪಾಠ. ಎಲ್ಲಕ್ಕಿಂತ ಹೆಚ್ಚಾಗಿ, ಆಯೇರಿ ಯಾವಾಗ ಮಾಡಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಆಯೇರಿ ಎಂದರೇನೆಂದು ತಿಳಿಯದ ನತದೃಷ್ಟರಿಗಾಗಿ ಎರಡು ಮಾತು. ಪಾತ್ರಧಾರಿಯ ಮಾವ, ಭಾವ, ಗೆಳೆಯ, ಯಾರಾದರೂ ಸರಿ, ನಾಟಕದ ನಡುವೆಯೇ ರಂಗವೇರಿ ಅವನ ಹೆಗಲಿಗೆ ಟವೆಲ್ಲೋ ತಲೆಗೆ ರುಮಾಲೋ ಹಾಕಿ ಕೈಗೆ ಕಾಯಿ ಕೊಡುವುದೇ ಆಯೇರಿ. ಆಗ ಯುದ್ಧ ನಡೆದಿದ್ದರೆ ಯುದ್ಧ ನಿಲ್ಲುತ್ತದೆ. ರಾಜ ಸತ್ತು ಬಿದ್ದಿದ್ದರೆ ಎದ್ದು ಕೂಡುತ್ತಾನೆ. ಮೈಕಿನಲ್ಲಿ ಕೊಟ್ಟವರ ಹೆಸರು, ಊರು, ಸಂಬಂಧ ಎಲ್ಲವನ್ನೂ ಕೂಗುತ್ತಾರೆ. ರಾಜ ಜನರಿಗೆ ಕೈಮುಗಿದು, ಟವೆಲ್ಲನ್ನು ಸರಿಪಡಿಸಿಕೊಂಡು, ಮತ್ತೆ ಮಲಗಿ ಸಾಯುತ್ತಾನೆ. ಮರುದಿನ ಊರಲ್ಲಿ “ನಾಟಕ ಹೆಂಗಾತು?” ಎಂದು ಯಾರೂ ಕೇಳುವುದಿಲ್ಲ. “ಎಷ್ಟು ಆಯೇರಿ ಬಂದ್ವು?” ಎಂದು ಕೇಳುತ್ತಾರೆ.

ಹೈಸ್ಕೂಲಿನಲ್ಲಿದ್ದಾಗ ನಾನೂ ಒಮ್ಮೆ ಬಣ್ಣ ಹಚ್ಚಿದ್ದೆ. ದ್ವಾರಪಾಲಕನ ಪಾತ್ರ. ಎರಡು ಮಾತು. ನನಗಾಗಿ ಟವೆಲ್ ತಂದಿದ್ದ ಸೋದರಮಾವ, ನಾನು ರಂಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ಅದೇ ಟವೆಲ್ಲನ್ನು ತಲೆಗಿಂಬು ಮಾಡಿಕೊಂಡು ನಿದ್ದೆ ಹೋಗಿದ್ದ. ಆ ನಾಟಕದಲ್ಲಿ ಎಲ್ಲರಿಗೂ ಆಯೇರಿ ಬಂತು. ನಮ್ಮ ಮುಖಕ್ಕೆ ಬಣ್ಣ ಬಳಿದುಕೊಟ್ಟವನಿಗೂ ಬಂತು. ನನಗೆ ಬರಲಿಲ್ಲ. “ಯಾಕಪಾ ಮಾನಪ್ಪ, ನಿಮ್ಮವರು ಯಾರೂ ಬಂದಿರ್ಲಿಲ್ಲೇನು?” ಎಂದು ಮಾಸ್ತರರು ಪ್ರೀತಿಯಿಂದಲೇ ಕೇಳಿದರು. ಆ ಪ್ರಶ್ನೆ ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಆಮೇಲೆ ನಮ್ಮ ಸೀಮೆಗೆ ಕಾಲುವೆ ಬಂತು. ಕಾಲುವೆಯ ಹಿಂದೆಯೇ ನನಗೆ ನೌಕರಿಯೂ ಬಂತು. ಶಹಾಪುರದ ಹತ್ತಿರ ಭೀಮರಾಯನಗುಡಿ ಕ್ಯಾಂಪಿನಲ್ಲಿ ಎಂಜಿನಿಯರ್ ಆದೆ. ಮೇಲಿನವರಿಂದ ಕಾಗದ ಬಂದರೆ ನೀರು ಬಿಡುವುದು, ಬಾರದಿದ್ದರೆ ಬಿಡದಿರುವುದು, ಏರಿ ಒಡೆದು ನೀರು ಕದ್ದವರ ಮೇಲೆ ದೂರು ಬರೆಯುವುದು, ಇದೇ ನನ್ನ ಕೆಲಸ. ಹೀಗಿರುವಾಗ ನೀರಿನ ವಿಷಯವನ್ನೇ ಇನ್ನೂ ಹೆಚ್ಚಿಗೆ ಓದಿ ಬರಲಿ ಎಂದು ನನ್ನನ್ನು ಒಂದು ವರ್ಷ ಹಾಲೆಂಡಿಗೆ ಕಳಿಸಿದರು. ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾದೆ!

ಹೊರಡುವ ದಿನ ನನ್ನ ಹೆಂಡತಿ ನೀಲಾ ಪೆಟ್ಟಿಗೆಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ತುಂಬಿ, ಮೇಲೆ ಜರಿಯಂಚಿನ ಒಂದು ಉದ್ದನೆಯ ರುಮಾಲು ಇಟ್ಟಳು. ಹುಣಸಗಿಯ ಅವಳ ತವರಿನವರು ಮದುವೆಯಲ್ಲಿ ನನಗೆ ಸುತ್ತಿದ್ದ ರುಮಾಲು ಅದು.

“ಸರ್ಟಿಫಿಕೇಟ್ ಕೊಡೋ ದಿವಸ ಇದನ್ನ ಸುತ್ಕೊಂಡು ಹೋಗ್ರಿ,” ಎಂದಳು.

“ಅಲ್ಲಿ ಯಾರ್ ಸುತ್ತಾರ ನೀಲಾ ರುಮಾಲ?”

“ಯಾರೂ ಸುತ್ತೂದಿಲ್ಲಂತನ ನೀವು ಸುತ್ತಬೇಕು.”

ಹಾಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ, ಒಬ್ಬ ಹಿರಿಯರ ಮನೆಯ ಮಾಳಿಗೆಯ ಕೋಣೆ ನನಗೆ ಸಿಕ್ಕಿತು. ಅವರ ಹೆಸರು ಯಾನ್. ಅಷ್ಟು ವಯಸ್ಸಾದವರನ್ನು ಬರೀ ಯಾನ್ ಎಂದು ಕರೆಯಲು ನನ್ನ ನಾಲಿಗೆ ಒಪ್ಪಲಿಲ್ಲ. ಎರಡನೆಯ ದಿನದಿಂದ ಅವರು ಯಾನಪ್ಪನವರಾದರು. ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತರಾದ ಮನುಷ್ಯ, ಮದುವೆಯಾಗದೆ ಹಾಯಾಗಿ ಇದ್ದವರು. ನನಗೆ ಅವರನ್ನು ನೋಡಿದರೆ ನಮ್ಮ ಕ್ಯಾಂಪಿನ ಗೇಟ್ ಕಾಯುವ ಭೀಮಣ್ಣನ ನೆನಪಾಗುತ್ತಿತ್ತು. ಯಾನಪ್ಪನವರು ಮಾತಾಡುತ್ತಿದ್ದದ್ದು ಹರಕು ಇಂಗ್ಲಿಷ್. ಆದರೆ ಅದು ನನ್ನ ಕಿವಿಗೆ ನಮ್ಮ ಕಡೆಯ ಮಾತಿನಂತೆಯೇ ಬೀಳುತ್ತಿತ್ತು. ಇಲ್ಲಿ ಹಾಗೆಯೇ ಬರೆಯುತ್ತೇನೆ, ತಪ್ಪು ತಿಳಿಯಬಾರದು.

ಆ ಪಟ್ಟಣದವರು ವರ್ಷಕ್ಕೊಮ್ಮೆ ತಮ್ಮದೇ ಊರಿನ ಹಳೆಯ ಕಥೆಯನ್ನು ನಾಟಕವಾಡುತ್ತಿದ್ದರು. ಶತ್ರುಗಳು ಊರಿಗೆ ಮುತ್ತಿಗೆ ಹಾಕಿದ್ದು, ಒಳಗೆ ಕಾಳುಕಡಿ ಮುಗಿದದ್ದು, ಹಸಿವಿನಿಂದ ಸಾಯುತ್ತಿದ್ದ ಮೇಯರ್ ಕೊನೆಗೆ ತಮ್ಮ ಏರಿಯನ್ನು ತಾವೇ ಒಡೆಯಿರೆಂದು ಅಪ್ಪಣೆ ಕೊಟ್ಟದ್ದು, ನೀರು ನುಗ್ಗಿ ಶತ್ರುಗಳ ಡೇರೆಗಳು ತೇಲಿಹೋದದ್ದು. ಮೇಯರ್ ಎಂದರೆ ನಮ್ಮ ಲೆಕ್ಕದಲ್ಲಿ ಊರಗೌಡ. ಕಥೆ ಕೇಳಿ ನಾನು ಬೆವೆತುಹೋದೆ.

“ಏರಿ ಒಡದ್ರಾ? ಅವರ ಮ್ಯಾಲ ಕೇಸ್ ಆಗ್ಲಿಲ್ಲೇನ್ರಿ?” ಎಂದು ಕೇಳಿದೆ.

“ಇಲ್ಲ ತಮ್ಮಾ,” ಎಂದರು ಯಾನಪ್ಪನವರು. “ಚೌಕದಾಗ ಮೂರ್ತಿ ನಿಲ್ಸ್ಯಾರ.”

ಯಾನಪ್ಪನವರು ಇಪ್ಪತ್ತೆರಡು ವರ್ಷ ಆ ನಾಟಕದಲ್ಲಿ ಭರ್ಚಿ ಹಿಡಿದು ಮೂಲೆಯಲ್ಲಿ ನಿಂತ ಸಿಪಾಯಿ. ಒಂದು ಮಾತೂ ಇಲ್ಲ. ಈ ಸಲ, ಪ್ರತಿ ವರ್ಷ ಗೌಡನ ಪಾತ್ರ ಮಾಡುತ್ತಿದ್ದವರು ಬೇರೆ ಊರಿಗೆ ಹೋದದ್ದರಿಂದ ಆ ಪಾತ್ರ ಇವರಿಗೆ ಬಂದಿತ್ತು. ಮೂರು ತಿಂಗಳು ಅಡುಗೆಮನೆಯಲ್ಲಿ ತಾಲೀಮು ನಡೆಯಿತು. ಅವರ ಭಾಷೆ ನನಗೆ ತಿಳಿಯದಿದ್ದರೂ ಮಾಳಿಗೆಯ ಹಲಗೆಗಳ ಸಂದಿಯಿಂದ ಕೇಳಿ ಕೇಳಿ ಸಾಯುವ ಸೀನಿನ ಮಾತು ನನಗೂ ಬಾಯಿಗೆ ಬಂದಿತ್ತು. ಕೊನೆಗೆ “ಏರಿ ಒಡೀರಿ” ಎನ್ನುವ ಮೊದಲು ಪ್ರತಿ ಸಲವೂ ಅವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ನಡುವೆ ಚಹಾ ಕುಡಿಯುತ್ತಾರೆ ಎಂದು ನಾನು ತಿಳಿದಿದ್ದೆ. ನನ್ನ ಮೊದಲ ತಪ್ಪು ಅದು.

ನಾಟಕಕ್ಕೆ ನಾಲ್ಕು ದಿನ ಇರುವಾಗ ಅವರು ನನ್ನ ಕೈಗೆ ಒಂದು ಚೀಟಿ ಕೊಟ್ಟರು.

“ಮುಖ್ಯ ಪಾತ್ರದವರ ಮನಿ ಮಂದಿಗಂತ ಮುಂದಿನ ಸಾಲಿನಾಗ ಒಂದು ಕುರ್ಚಿ ಇಡ್ತಾರ. ನಮ್ಮಕ್ಕ ಕಾಲು ಮುರ್ಕೊಂಡು ಮಲಗ್ಯಾಳ. ನೀ ಬಾ ತಮ್ಮಾ. ನನ್ನ ಕಡಿಂದ ನೀ ಒಬ್ಬನ.”

ನನ್ನ ಕಡಿಂದ ನೀ ಒಬ್ಬನ! ಆ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಟವೆಲ್ಲಿನ ಮೇಲೆ ನಿದ್ದೆ ಹೋದ ಸೋದರಮಾವ ಕಣ್ಣ ಮುಂದೆ ಬಂದ. ಇಪ್ಪತ್ತೆರಡು ವರ್ಷದ ಮೇಲೆ ಮಾತು ಸಿಕ್ಕಿದ ಮನುಷ್ಯ, ಒಂದೂ ಆಯೇರಿ ಇಲ್ಲದೆ ರಂಗದಿಂದ ಇಳಿಯಬೇಕೇ? ನಾಳೆ ಇಡೀ ಪಟ್ಟಣ “ಯಾನಪ್ಪಗ ಯಾರೂ ಇಲ್ಲೇನು?” ಎಂದು ಕೇಳಬೇಕೇ? ನಾನು ಬದುಕಿರುವವರೆಗೂ ಅದು ಸಾಧ್ಯವಿಲ್ಲ ಎಂದು ನಿರ್ಧರಿಸಿದೆ.

ರುಮಾಲು ಇತ್ತು. ಕಾಯಿ ಬೇಕಿತ್ತು. ಮೂರು ಅಂಗಡಿ ತಿರುಗಿದ ಮೇಲೆ ಒಂದು ಕಾಯಿ ಸಿಕ್ಕಿತು. ಆದರೆ ಅದಕ್ಕೆ ಜುಟ್ಟು ಇರಲಿಲ್ಲ. ಪೂರ್ತಿ ಬೋಳಿಸಿ, ಉಜ್ಜಿ, ಚೆಂಡಿನಂತೆ ಮಾಡಿ ಇಟ್ಟಿದ್ದರು. ಜುಟ್ಟಿಲ್ಲದ ಕಾಯಿಯನ್ನು ನಮ್ಮಲ್ಲಿ ಯಾರೂ ಯಾರಿಗೂ ಮರ್ಯಾದೆಗೆ ಕೊಡುವುದಿಲ್ಲ. ಪರದೇಶದಲ್ಲಿ ಇಷ್ಟು ನಡೆಯುತ್ತದೆ ಎಂದುಕೊಂಡು ಕೊಂಡೆ. ಎರಡನೆಯ ತಪ್ಪು!

ಭಾನುವಾರ ಮಧ್ಯಾಹ್ನ ನಾಟಕ. ಬಾಗಿಲಲ್ಲಿ ಟಾರ್ಚ್ ಹಿಡಿದು ನಿಂತಿದ್ದ ಒಬ್ಬ ಅಮ್ಮ ನನ್ನ ಚೀಲವನ್ನು ಹೊರಗಿಡಲು ಹೇಳಿದರು. “ನಾನು ಪಾತ್ರದವರ ಮನಿಯವ,” ಎಂದೆ. ಅವರು ನನ್ನ ಮುಖವನ್ನು ಒಮ್ಮೆ, ಚೀಟಿಯನ್ನು ಒಮ್ಮೆ ನೋಡಿ ಒಳಗೆ ಬಿಟ್ಟರು.

ಒಳಗಿನ ಸ್ಥಿತಿ ನೋಡಿ ಮರುಕ ಬಂತು. ಶೇಂಗಾ ಇಲ್ಲ. ಶಿಳ್ಳೆ ಇಲ್ಲ. ಹಾರ್ಮೋನಿಯಂ ಪೇಟಿಯ ಸದ್ದಿಲ್ಲ. ಮೈಕೂ ಇಲ್ಲ! ಪರದೆ ಎದ್ದ ಮೇಲಂತೂ ಜನ ಉಸಿರನ್ನೂ ಅಪ್ಪಣೆ ಕೇಳಿ ಬಿಡುವವರಂತೆ ಕೂತರು. ಒಬ್ಬರು ಕೆಮ್ಮಿದರೆ ಉಳಿದವರು ತಿರುಗಿ ನೋಡಿದರು. ಶತ್ರು ಸೇನಾಪತಿ ಮೀಸೆ ತಿರುವಿಕೊಂಡು ಬಂದರೂ ಯಾರೂ ಬೈಯಲಿಲ್ಲ. ಹಸಿದ ಊರಿನವರು ಒಂದೇ ಒಂದು ರೊಟ್ಟಿಯನ್ನು ಹತ್ತು ಪಾಲು ಮಾಡುವ ಸೀನಿನಲ್ಲಿ ನಾನು ಕಣ್ಣೊರೆಸಿಕೊಂಡೆ, ನಿಜ. ಆದರೆ ಆ ರೊಟ್ಟಿ ಹಂಚಿದ ಹೆಣ್ಣುಮಗಳಿಗೆ ಒಬ್ಬರಾದರೂ ಒಂದು ಕುಪ್ಪಸದ ಖಣ ಕೊಡಬಾರದೇ? ಇವರಿಗೆ ನಾಟಕ ಆಡಲು ಬರುತ್ತದೆ, ನೋಡಲು ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬಂದೆ.

ಕೊನೆಗೆ ಯಾನಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಮೈಮೇಲೆ ಕರಿಯ ಮಖಮಲ್ಲಿನ ನಿಲುವಂಗಿ. ಎರಡೂ ಬದಿಗೆ ಇಬ್ಬರು ಸಿಪಾಯಿಗಳು ಮಂಡಿಯೂರಿದರು. ಯಾನಪ್ಪನವರು ಮಾತು ಶುರುಮಾಡಿದರು. ಎಂಥ ಮಾತು! ಅಡುಗೆಮನೆಯಲ್ಲಿ ಕೇಳಿದ್ದೇ ಬೇರೆ, ಇದೇ ಬೇರೆ. ಮಾತು ಏರಿತು, ಇಳಿಯಿತು, ಕೊನೆಯ ಅಪ್ಪಣೆಯ ಹತ್ತಿರಕ್ಕೆ ಬಂತು. ಬಂದು ನಿಂತುಬಿಟ್ಟಿತು.

ನಮ್ಮಲ್ಲಿ ರಂಗದ ಮೇಲೆ ಮಾತು ನಿಲ್ಲುವುದು ಎರಡೇ ಕಾರಣಕ್ಕೆ. ಪಾತ್ರದವನು ಮಾತು ಮರೆತಿರಬೇಕು, ಇಲ್ಲವೆ ಆಯೇರಿಗೆ ಜಾಗ ಕೊಟ್ಟಿರಬೇಕು. ಯಾನಪ್ಪನವರು ಮರೆಯುವ ಮನುಷ್ಯರಲ್ಲ. ಮೂರು ತಿಂಗಳು ನಾನೇ ಸಾಕ್ಷಿ. ಸಾಲದ್ದಕ್ಕೆ ಅವರ ಕಣ್ಣು ನೇರವಾಗಿ ಮುಂದಿನ ಸಾಲಿನಲ್ಲಿ ನನ್ನ ಮೇಲೆಯೇ ನೆಟ್ಟಿತ್ತು. ‘ತಡಾ ಯಾಕ ಮಾಡ್ತಿ ತಮ್ಮಾ, ಬಾ,’ ಎಂದೇ ಆ ಕಣ್ಣು ಹೇಳುತ್ತಿತ್ತು.

ನಾನು ಚೀಲ ಹಿಡಿದು ಎದ್ದೆ.

ಬದಿಯ ಮೆಟ್ಟಿಲು ಹತ್ತಿ ರಂಗದ ಮೇಲೆ ಹೋಗಿ ಜನರಿಗೆ ಕೈಮುಗಿದೆ. ಮೈಕ್ ಇರಲಿಲ್ಲವಾದ್ದರಿಂದ ಘೋಷಣೆಯನ್ನು ನಾನೇ ಮಾಡಬೇಕಾಯಿತು. ಅಂಥ ವಾಕ್ಯ ನನ್ನ ಬಾಯಲ್ಲಿ ಕನ್ನಡದಲ್ಲಿ ಮಾತ್ರ ಬರುತ್ತದೆ. “ಶಹಾಪುರ ತಾಲೂಕಿನ ಭೀಮರಾಯನಗುಡಿ ಕ್ಯಾಂಪಿನಿಂದ ಬಂದಂಥ ಮಾನಪ್ಪ ಎಂಜಿನಿಯರ್ ಅವರು, ತಮ್ಮ ಹಿರಿಯರಾದಂಥ ಯಾನಪ್ಪನವರು ಗೌಡನ ಪಾತ್ರವನ್ನು ಅತ್ಯಂತ ಸೊಗಸಾಗಿ ಅಭಿನಯಿಸಿದ್ದಕ್ಕಾಗಿ, ಒಂದು ಜರಿ ರುಮಾಲು ಹಾಗೂ ಒಂದು ಕಾಯಿ ಆಯೇರಿ ಮಾಡಿರುತ್ತಾರೆ!”

ಸಭೆಯಲ್ಲಿ ಒಬ್ಬರೂ ಅಲುಗಲಿಲ್ಲ. ನಾಟಕದಲ್ಲಿ ಇದೂ ಒಂದು ಪಾತ್ರವೆಂದು ಅವರು ತಿಳಿದಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು. ದೂರದ ದೇಶದಿಂದ ಬಂದ ರಾಯಭಾರಿಯಂತೆ!

ಯಾನಪ್ಪನವರು ಸಾಯುತ್ತಿದ್ದರಾದ್ದರಿಂದ ಮುಖ ತಿರುಗಿಸಲಿಲ್ಲ. ತುಟಿ ಮಾತ್ರ ಅಲುಗಿತು.

“ತಮ್ಮಾ, ಏನ್ ಮಾಡಾಕತ್ತಿ?”

“ಆಯೇರಿ ರೀ.”

“ಕೆಳಗಿಳಿ.”

“ಒಂದ ನಿಮಿಷರಿ. ಬರೇ ರುಮಾಲ ಸುತ್ತೂದು ಅದ.”

ರುಮಾಲು ಸುತ್ತುವುದು ಒಂದು ನಿಮಿಷದ ಕೆಲಸವಲ್ಲ. ಅದರ ಉದ್ದವೇ ಅಷ್ಟು. ಒಂದು ತುದಿಯನ್ನು ಯಾರಾದರೂ ಎಳೆದು ಹಿಡಿಯಬೇಕು. ಮಂಡಿಯೂರಿದ್ದ ಒಬ್ಬ ಸಿಪಾಯಿಯ ಕೈಗೆ ಕೊಟ್ಟೆ. ಆ ದೇಶದ ಜನ ಬಹಳ ಮರ್ಯಾದಸ್ಥರು, ಹಿಡಿದುಕೊಂಡ. ನಾನು ಮೊದಲ ಸುತ್ತು ಹಾಕಿ, ಕಾಯಿಯನ್ನು ಯಾನಪ್ಪನವರ ತೊಡೆಯ ಮೇಲಿಟ್ಟು, ಎರಡನೆಯ ಸುತ್ತಿಗೆ ಕೈ ಎತ್ತಿದೆ.

ಮಖಮಲ್ಲಿನ ಮೇಲೆ ಜುಟ್ಟಿಲ್ಲದ ಕಾಯಿ ಎಷ್ಟು ಹೊತ್ತು ನಿಂತೀತು? ಜಾರಿತು. ಹಲಗೆಯ ಮೇಲೆ ಬಿತ್ತು. ಗುಡುಗುಡು ಎಂದು ಉರುಳುತ್ತ ರಂಗದ ಬದಿಗೆ ಹೋಗಿ, ಅಲ್ಲಿ ನೆಲದ ಮೇಲಿಟ್ಟಿದ್ದ ದೊಡ್ಡ ನಗಾರಿಗೆ ಹೋಗಿ ಬಡಿಯಿತು.

ಢಂ!

ಆ ನಗಾರಿ ಒಮ್ಮೆ ಬಾರಿಸಿದರೆ ಏರಿ ಒಡೆಯಿತೆಂದು ಅರ್ಥ. ಗೌಡ ಅಪ್ಪಣೆ ಕೊಟ್ಟು ಪ್ರಾಣ ಬಿಟ್ಟ ಮೇಲೆ ಅದನ್ನು ಬಾರಿಸಬೇಕಾಗಿತ್ತು. ಹಿಂದೆ ಕಾದು ನಿಂತಿದ್ದ ಎಂಟು ಜನ ಶಾಲೆಯ ಹುಡುಗಿಯರು ಸದ್ದು ಕೇಳಿದ್ದೇ ತಡ, ಎರಡು ದೊಡ್ಡ ನೀಲಿ ಬಟ್ಟೆಗಳನ್ನು ಎತ್ತಿ ಹಿಡಿದು ಅಲೆ ಎಬ್ಬಿಸುತ್ತ ಓಡಿ ಬಂದರು. ನೀರು ನನ್ನ ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು. ಎದುರು ಬದಿಯಿಂದ ಶತ್ರು ಸೈನಿಕರು ಕೂಗುತ್ತ ಬಂದು ನಮ್ಮ ಸುತ್ತಲೂ ಮುಳುಗಿ ಸತ್ತರು. ಗೌಡ ಇನ್ನೂ ಅಪ್ಪಣೆಯನ್ನೇ ಕೊಟ್ಟಿರಲಿಲ್ಲ. ಹದಿನೈದು ವರ್ಷದ ನೌಕರಿಯಲ್ಲಿ ಕಾಗದವಿಲ್ಲದೆ ಒಂದು ತೊಟ್ಟು ನೀರು ಬಿಟ್ಟವನಲ್ಲ ನಾನು. ಪರದೇಶಕ್ಕೆ ಹೋಗಿ ಒಂದು ಇಡೀ ಪಟ್ಟಣವನ್ನು ಆದೇಶವಿಲ್ಲದೆ ಮುಳುಗಿಸಿದೆ!

ಎಲ್ಲ ಮುಳುಗಿದ ಮೇಲೆ, ಕಣ್ಣಿನ ಮೇಲೆ ಅರ್ಧ ಜಾರಿದ ರುಮಾಲಿನ ಕೆಳಗಿನಿಂದ ಯಾನಪ್ಪನವರು ಕೈ ಎತ್ತಿ, ನಡುಗುವ ದನಿಯಲ್ಲಿ, ಆಗಲೇ ಬಂದಿದ್ದ ನೀರಿಗೆ ಹೇಳಿದರು.

“ಏರಿ ಒಡೀರಿ!”

ಸಭೆ ಬಿದ್ದು ಬಿದ್ದು ನಕ್ಕಿತು. ಪರದೆ ಇಳಿಯಿತು. ನಾನು ಪರದೆಯ ಒಳಗೇ ಉಳಿದೆ. ನಾಟಕ ಆಡಿಸುತ್ತಿದ್ದ ಬಡಕಲು ಮೈಯ ಹೆಂಗಸು ಬಂದು ನನ್ನನ್ನು ನೋಡಿದರು. ಬೈಯಲಿಲ್ಲ. ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ಮುಖ ಮುಚ್ಚಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಯಾನಪ್ಪನವರು ಮನೆಯವರೆಗೂ ರುಮಾಲು ಸುತ್ತಿಕೊಂಡೇ ನಡೆದರು. ಅದನ್ನು ಬಿಚ್ಚುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಕೇಳಲು ಮನಸ್ಸೂ ಇರಲಿಲ್ಲ. ಅಡುಗೆಮನೆಯಲ್ಲಿ ಕೂತ ಮೇಲೆ ನಾನೇ ಬಾಯಿ ಬಿಟ್ಟು ಆಯೇರಿಯ ಕಥೆಯನ್ನು ಮೊದಲಿನಿಂದ ಹೇಳಿದೆ. ಸೋದರಮಾವನ ನಿದ್ದೆಯನ್ನೂ ಬಿಡಲಿಲ್ಲ.

“ಅಂದ್ರ ನೀ ನನ್ನ ಮರ್ಯಾದಿ ಮಾಡಾಕ ಬಂದಿದ್ದಿ,” ಎಂದರು.

“ಹೌದ್ರಿ.”

“ನಾ ಸುಮ್ಮ ಆದ್ನಲ್ಲ, ಮನಸ್ಸಿನಾಗ ಹತ್ತು ಎಣಸ್ತಿದ್ದೆ. ತನ್ನೂರಿನ ಹೊಲ ಮುಳಗ್ಸ್ರಿ ಅಂತ ತಾನ ಹೇಳೂದು ಆ ಗೌಡಗ ಸಸಾರ ಆಗಿತ್ತೇನು? ಆ ಹತ್ತು ಎಣಿಕಿಯಾಗ ಅವನ ಜೀವ ಇತ್ತು ತಮ್ಮಾ. ಇಪ್ಪತ್ತೆರಡು ವರ್ಷ ಮೂಲ್ಯಾಗ ನಿಂತು ಅದನ್ನ ಕಲ್ತಿದ್ದೆ. ನೀ ಆರಕ್ಕ ಬಂದಿ.”

ನನಗೆ ನಾಚಿಕೆಯಿಂದ ಅಳುವೇ ಬಂತು. ಆಯೇರಿ ಇಲ್ಲದವನ ನೋವು ಗೊತ್ತಿದ್ದ ನಾನು, ಅವರ ಆ ಹತ್ತು ಎಣಿಕೆಯನ್ನೇ ಕಸಿದುಕೊಂಡಿದ್ದೆ. ಅವರು ಎದ್ದು ಚಹಾ ಮಾಡಿಕೊಟ್ಟರು.

“ಮುಂದಿನ ಆಯಿತವಾರ ಇನ್ನೊಂದು ಆಟ ಅದ. ಬಾ. ಬರಿಗೈಲೆ ಬಾ.”

ಹೋದೆ. ನನ್ನ ಕುರ್ಚಿ ಈ ಸಲ ಕಟ್ಟಕಡೆಯ ಸಾಲಿನಲ್ಲಿ, ಬಾಗಿಲಿನ ಪಕ್ಕದಲ್ಲಿತ್ತು. ಟಾರ್ಚಿನ ಅಮ್ಮ ನನ್ನ ಕೋಟಿನ ಜೇಬುಗಳನ್ನು ತಡವಿ ನೋಡಿದರು, ಕಾಯಿಗಾಗಿ ಇರಬೇಕು. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲವಾದ್ದರಿಂದ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತೆ. ಯಾನಪ್ಪನವರ ಮಾತು ಏರಿತು, ಇಳಿಯಿತು, ನಿಂತಿತು. ನಾನು ಎಣಿಸಿದೆ. ನಾಲ್ಕಕ್ಕೆ ನನ್ನ ಬಲಗೈ ತಾನಾಗಿಯೇ ಹೊರಬರಲು ನೋಡಿತು. ಏಳಕ್ಕೆ ಪಕ್ಕದವರು ಉಸಿರು ಹಿಡಿದರು. ನಮ್ಮ ಕ್ಯಾಂಪಿನ ಕೆಳಗಿನ ಹೊಲಗಳು, ನಾಟಿ ಮಾಡಿದ ಭತ್ತ, ಅದನ್ನು ನಂಬಿಕೊಂಡ ಮನೆಗಳು, ಎಲ್ಲವೂ ನನಗೆ ಕಂಡವು. ಹತ್ತಕ್ಕೆ ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಗೌಡ ತನಗೆ ತಾನೇ ಹೇಳಿಕೊಂಡಂತಿತ್ತು. “ಏರಿ ಒಡೀರಿ.” ಆಮೇಲೆ ನಗಾರಿ. ಆಮೇಲೆ ನೀರು.

ಅಷ್ಟು ಜನ ಅಷ್ಟು ಹೊತ್ತು ಅವರಿಗಾಗಿ ಸುಮ್ಮನೆ ಕೂತಿದ್ದರು. ಅದಕ್ಕಿಂತ ದೊಡ್ಡ ಆಯೇರಿ ನಾನು ಕಂಡಿಲ್ಲ. ನಾಟಕ ಮುಗಿದು ಎಲ್ಲ ಪಾತ್ರಗಳೂ ಕೈಮುಗಿಯಲು ಬಂದಾಗ ಯಾನಪ್ಪನವರ ತಲೆಯ ಮೇಲೆ ನನ್ನ ರುಮಾಲಿತ್ತು. ಅವರೇ ಸುತ್ತಿಕೊಂಡಿದ್ದರು, ಅಡ್ಡಾದಿಡ್ಡಿಯಾಗಿ. ನಾನು ಕೈಗಳನ್ನು ಬಿಡಿಸಿಕೊಂಡು ಅಂಗೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದೆ.

ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಮಾನ ಅಷ್ಟಿಷ್ಟು ಉಳಿಯುತ್ತಿತ್ತು. ಆದರೆ ನಾನು ಕಲಿತವನಾಗಿದ್ದೆ. ಕಲಿತದ್ದನ್ನು ಹೇಳದೆ ಇರಲಾರೆ. ವರ್ಷ ಮುಗಿಸಿ ಬಂದು ಯಾದಗಿರಿ ಸ್ಟೇಷನ್ನಿನಲ್ಲಿ ನಾನು ರೈಲಿನಿಂದ ಇಳಿದಾಗ, ನೀಲಾ “ರುಮಾಲ ಎಲ್ಲದ್ರಿ?” ಎಂದು ಕೇಳಿದ ಕ್ಷಣದಿಂದಲೇ ನನ್ನ ಉಪದೇಶ ಶುರುವಾಯಿತು. ನಾಟಕವೆಂದರೆ ಹೀಗೆ ನೋಡಬೇಕು, ನಡುವೆ ಏಳಬಾರದು, ಏಳಬೇಕೆನಿಸಿದರೆ ಕೈಗಳ ಮೇಲೆ ಕೂಡಬೇಕು. ಕೂತು ತೋರಿಸುತ್ತಿದ್ದೆ. ಊಟಕ್ಕೆ ಕರೆದವರ ಮನೆಯಲ್ಲಿ ಹೇಳಿದೆ. ಸಹಿ ಮಾಡಿಸಿಕೊಳ್ಳಲು ಬಂದ ರೈತರಿಗೆ ಹೇಳಿದೆ. ನನ್ನನ್ನು ಕಂಡರೆ ಜನ ಕಾಲುವೆಯ ಆಚೆ ದಂಡೆ ಹಿಡಿಯತೊಡಗಿದರು.

ಆ ವರ್ಷ ಕ್ಯಾಂಪಿನವರೆಲ್ಲ ಸೇರಿ ಒಂದು ಐತಿಹಾಸಿಕ ನಾಟಕ ಹೂಡಿದರು. ಹುಣಸಗಿಯಿಂದ ಪೇಟಿ ಮಾಸ್ತರರು ಬಂದರು. ಪೇಟಿ ಬಾರಿಸುವವರೂ ಅವರೇ, ಆಡಿಸುವವರೂ ಅವರೇ. ಕೋಟೆಯ ಬಾಗಿಲು ತೆರೆಯಿರೆಂದು ಹೇಳಿ ಸಾಯುವ ಮುದಿ ಕಿಲ್ಲೇದಾರನ ಪಾತ್ರವನ್ನು ನಾನು ಕೇಳಿ ಪಡೆದೆ. ಗೇಟಿನ ಭೀಮಣ್ಣನಿಗೆ ಅವನ ಆಳಿನ ಹಾಸ್ಯಪಾತ್ರ. ನಾನು ಒಂದೇ ಒಂದು ಕರಾರು ಹಾಕಿದೆ.

“ಮಾಸ್ತರ, ಕೊನೀ ಮಾತಿನ ಮೊದಲ ನಾ ಹತ್ತು ಎಣಸ್ತೀನಿ. ಯಾರೂ ಮಿಸುಕಬಾರ್ದು. ಯಾರೂ ಆಯೇರಿಗಿ ಬರಬಾರ್ದು.”

“ಸಾಹೇಬ್ರ, ಅಷ್ಟು ಹೊತ್ತು ಸುಮ್ಕ ಕುಂತ್ರ ಕರೆಂಟ್ ಹೋಗ್ಯಾದ ಅಂತ ಜನ ಎದ್ದು ಹೋಗ್ತಾರ್ರಿ!”

“ಹೋಗೂದಿಲ್ಲ. ನಾ ನೋಡಿ ಬಂದೀನಿ.”

ನಾಟಕದ ದಿನ ನೀಲಾ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಮಡಿಲಲ್ಲಿ ಒಂದು ಬಟ್ಟೆಯ ಚೀಲ. ಚೀಲದ ಬಾಯಲ್ಲಿ ಹೊಸ ರುಮಾಲಿನ ಜರಿ ಮಿಂಚುತ್ತಿತ್ತು. ಸುರಪುರದ ಪೇಟೆಯಿಂದ ನನಗೆ ಹೇಳದೆ ತಂದಿದ್ದಳು. ಪಕ್ಕದಲ್ಲಿ ಕಾಯಿಯೂ ಇತ್ತು, ಉದ್ದ ಜುಟ್ಟಿನದು. ಬಣ್ಣದ ಮುಖದೊಳಗಿನಿಂದ ಅದನ್ನು ನೋಡಿದ ಕೂಡಲೇ ಹೈಸ್ಕೂಲಿನ ದ್ವಾರಪಾಲಕ ನನ್ನೊಳಗೆ ಎದ್ದು ಕೂತ. ಇವತ್ತು ನನ್ನವರು ಬಂದಿದ್ದಾರೆ!

ನನ್ನ ಸೀನು ಬಂತು. ನೆಲದ ಮೇಲೆ ಒರಗಿ ಮಾತು ಏರಿಸಿದೆ, ಇಳಿಸಿದೆ, ನಿಲ್ಲಿಸಿದೆ. ಒಂದು. ಎರಡು. ಮೂರಕ್ಕೆ ಮಾಸ್ತರರಿಗೆ ತಡೆಯಲಾಗದೆ ಪೇಟಿ ಒತ್ತಿದರು. ನಾನು ಕಣ್ಣು ಬಿಟ್ಟು ನೋಡಿದೆ. ಐದಕ್ಕೆ ಪರದೆಯ ಹಿಂದಿನಿಂದ ಮಾತು ಹೇಳಿಕೊಡುವವನು ಇಡೀ ಕ್ಯಾಂಪಿಗೆ ಕೇಳುವಂತೆ ಕೂಗಿದ. “ಕ್ವಾಟಿ ಬಾಗಲಾ ತಗೀರಿ ಅನ್ರಿ ಸಾಹೇಬ್ರ!” ಏಳಕ್ಕೆ ಹಿಂದಿನ ಸಾಲಿನಿಂದ ಯಾರೋ, “ಸಾಹೇಬ್ರು ಮಾತು ಮರ್ತಾರಪೋ!” ಎಂದರು. ಎಂಟಕ್ಕೆ, ಆ ಸೀನಿನಲ್ಲೇ ಇಲ್ಲದ ಭೀಮಣ್ಣ ಒಂದು ಚೆರಿಗೆ ನೀರು ಹಿಡಿದು ಓಡಿ ಬಂದ.

“ಕುಡೀರಿ ಸಾಹೇಬ್ರ, ಗಂಟಲಾ ಒಣಗೇದ! ಮಾತು ಎಲ್ಲಿ ಹೋಗ್ತಾವ, ಸಾವಕಾಶ ಬರ್ತಾವ.”

ಚಪ್ಪಾಳೆ, ಶಿಳ್ಳೆ! ಜನ ಎದ್ದು ನಿಂತರು. ನನ್ನ ಕರಾರು ಅಲ್ಲಿಗೇ ಮುರಿಯಿತು. ಭೀಮಣ್ಣನ ಭಾವ ಒಂದು ಟವೆಲ್ ಹಿಡಿದು ಏರಿದ. ಅವನ ಹಿಂದೆ ಅವನ ಗೆಳೆಯರು ಏರಿದರು. ಏಳು ಆಯೇರಿ! ಒಂದೊಂದು ಹೆಸರನ್ನೂ ಮೈಕಿನಲ್ಲಿ ಕೂಗಿದರು. ಅಷ್ಟೂ ಹೊತ್ತು ನಾನು ಅವರ ಕಾಲ ಬುಡದಲ್ಲಿ ಸಾಯುತ್ತ ಬಿದ್ದಿದ್ದೆ. ಟವೆಲ್ಲುಗಳ ತುದಿ ನನ್ನ ಮುಖಕ್ಕೆ ತಾಗುತ್ತಿತ್ತು.

ಎಲ್ಲರೂ ಇಳಿದ ಮೇಲೆ ನಾನು ಯಾನಪ್ಪನವರಂತೆ ಮುಂದಿನ ಸಾಲಿಗೆ, ನೀಲಾಳ ಮೇಲೆ ಕಣ್ಣು ನೆಟ್ಟೆ. ಹತ್ತಾಯಿತು. ಹದಿನೈದಾಯಿತು. ನನಗೆ ನಾಟಕವೂ ಬೇಡ, ಕೋಟೆಯೂ ಬೇಡ, ಮೌನವಂತೂ ಬೇಡವೇ ಬೇಡ. ಒಬ್ಬರು ಬಂದರೆ ಸಾಕಿತ್ತು. ‘ಬಾ ನೀಲಾ,’ ಎಂದು ಕಣ್ಣಲ್ಲೇ ಬೇಡಿಕೊಂಡೆ. ಮೂವತ್ತಾಯಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, ಅವುಗಳ ಮೇಲೆ ಭದ್ರವಾಗಿ ಕೂತಿದ್ದಳು. ಮಾಸ್ತರರು ಬೇಸತ್ತು ಪರದೆ ಬಿಟ್ಟರು. ಕೋಟೆಯ ಬಾಗಿಲು ತೆರೆಯಲೇ ಇಲ್ಲ.

ಬಣ್ಣ ತೊಳೆದು ಮನೆಗೆ ಬಂದಾಗ ನೀಲಾ ಊಟಕ್ಕೆ ಬಡಿಸುತ್ತಿದ್ದಳು.

“ಯಾಕ ಬರ್ಲಿಲ್ಲ ನೀ?” ಎಂದೆ.

“ನೀವ ಅಲ್ಲೇನ್ರಿ ಹೇಳಿದ್ದು, ನಡ್ವ ಏಳಬಾರ್ದಂತ? ನನಗ ಎದ್ದು ಬರಂಗ ಆಗಿತ್ತು. ನಿಮ್ಮ ಮಾರಿ ನೋಡಿ ಕಣ್ಣಾಗ ನೀರ ಬಂದ್ವು. ಕೈ ಮ್ಯಾಲ ಕುಂತೆ. ಕೈ ಜೋಮು ಹಿಡದಾವ ನೋಡ್ರಿ.”

ಒಂದು ತುತ್ತು ನುಂಗಿ, ಆದಷ್ಟು ಸಹಜವಾಗಿ ಕೇಳಿದೆ.

“ಆ ರುಮಾಲ ಎಲ್ಲದ ಈಗ?”

“ಆಯೇರಿಗಂತ ಒಯ್ದದ್ದು ತಿರುಗಿ ಮನಿಗಿ ತರಬಾರ್ದಲ್ರಿ. ಭೀಮಣ್ಣಗ ಸುತ್ತಿ ಬಂದೆ.”

“ನಾಟಕದ ನಡ್ವ?”

“ಛೇ, ಇಲ್ರಿ. ಪೂರ್ತಿ ಮುಗದ ಮ್ಯಾಲ. ನೀವು ಕಲಿಸಿದಂಗ.”

ಭೀಮಣ್ಣ ಈಗ ಆ ರುಮಾಲನ್ನು ಸುತ್ತಿಕೊಂಡೇ ಗೇಟಿನ ಹತ್ತಿರ ನಿಂತಿರುತ್ತಾನೆ. ಜೀಪಿನಿಂದ ಇಳಿದರೆ ಮೊದಲು ಕಾಣುವುದೇ ಅದರ ಜರಿ. “ನೀರು ಬಿಡ್ಲೇನ್ರಿ ಸಾಹೇಬ್ರ?” ಎಂದು ಕೇಳುತ್ತಾನೆ. ಅಪ್ಪಣೆ ಕೊಡುವ ಮೊದಲು ನಾನು ಗಂಭೀರವಾಗಿ ಕಾಲುವೆಯ ಕಡೆ ನೋಡುತ್ತ, ಸುಮ್ಮನೆ ಹತ್ತು ಎಣಿಸುತ್ತೇನೆ.

ಆರಕ್ಕೇ ಅವನು ಗೇಟು ಎತ್ತಿಬಿಟ್ಟಿರುತ್ತಾನೆ.